ಐದು ಸಾವಿರ ಗಂಡಸರ ಊಟದ ಲೆಕ್ಕ

ಯೇಸುಸ್ವಾಮಿ ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಜನಕ್ಕೆ ಊಟ ಹಾಕಿದ ಕಥೆ ಎಲ್ಲರಿಗೂ ಗೊತ್ತು. ಅದರ ಲೆಕ್ಕ ಬರೆದ ಮತ್ತಾಯ ಮೊದಲು ಸುಂಕದ ಕಟ್ಟೆಯಲ್ಲಿ ಕೂತಿದ್ದವನು, ಲೆಕ್ಕದಲ್ಲಿ ಪಕ್ಕಾ. ಉಂಡ ಗಂಡಸರ ಸಂಖ್ಯೆ ಬರೆದು, ಹೆಂಗಸರೂ ಮಕ್ಕಳೂ ಇದಕ್ಕೆ ಸೇರಿಲ್ಲ ಎಂದು ಷರಾ ಹಾಕಿದ. ಮುಂದಿನ ಅಧ್ಯಾಯದಲ್ಲಿ ನಾಲ್ಕು ಸಾವಿರ ಜನರ ಇನ್ನೊಂದು ಪಂಕ್ತಿ, ಅಲ್ಲೂ ಅದೇ ಷರಾ. ರೊಟ್ಟಿ ಎಲ್ಲಿಂದ ಬಂತಪ್ಪಾ ಎಂದು ಯೋವಾನ್ನನನ್ನು ಕೇಳಿದರೆ ಒಬ್ಬ ಹುಡುಗನ ಬುತ್ತಿಯಿಂದ ಅನ್ನುತ್ತಾನೆ. ಜವೆಗೋಧಿ ರೊಟ್ಟಿ. ಹುಡುಗ ತಾನೇ ತಟ್ಟಿಕೊಂಡು ಬಂದಿರಲಾರ. ಅಂದರೆ ಬುತ್ತಿ ಕಟ್ಟಿದವಳು ಲೆಕ್ಕಕ್ಕಿಲ್ಲ, ಹೊತ್ತು ತಂದವನೂ ಲೆಕ್ಕಕ್ಕಿಲ್ಲ, ಉಂಡು ತೇಗಿದವರು ಮಾತ್ರ ರಿಜಿಸ್ಟರಿನಲ್ಲಿ.

ಅದಾಗಿ ಎರಡು ಸಾವಿರ ವರ್ಷ. ನಮ್ಮ ಚಾಮರಾಜನಗರ ಜಿಲ್ಲೆಯ ಸಭೆಗಳೂ ಧರ್ಮಕೇಂದ್ರಗಳೂ ಬೈಬಲಿನ ಉಳಿದ ಮಾತುಗಳಲ್ಲಿ ಎಷ್ಟನ್ನು ನಡೆಸಿವೆಯೋ, ಎಷ್ಟನ್ನು ಬಿಟ್ಟಿವೆಯೋ, ಈ ಲೆಕ್ಕದ ಕ್ರಮವನ್ನು ಮಾತ್ರ ಚಾಚೂ ತಪ್ಪದೆ ಉಳಿಸಿಕೊಂಡಿವೆ. ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಗಂಡಸರ ಕಡೆ ಬೆಂಚು ಖಾಲಿ, ಹೆಂಗಸರ ಕಡೆ ಬಾಗಿಲವರೆಗೂ ಜನ. ಹೂವು ತಂದವರು, ಪೀಠದ ವಸ್ತ್ರ ಒಗೆದವರು, ಕಸ ಹೊಡೆದವರು, ಹಾಡು ಎತ್ತಿಕೊಟ್ಟವರು ಎಲ್ಲ ಅದೇ ಕಡೆಯವರು. ವಾರ್ಷಿಕ ವರದಿ ಓದುವಾಗ ಮಾತ್ರ ಲೆಕ್ಕ ಕುಟುಂಬದ್ದು, ಕುಟುಂಬ ಅಂದರೆ ಯಜಮಾನನ ಹೆಸರು. ಆ ಯಜಮಾನ ಕ್ರಿಸ್‌ಮಸ್ಸಿಗೆ ಒಮ್ಮೆ, ಈಸ್ಟರಿಗೆ ಒಮ್ಮೆ, ಕಮಿಟಿ ಚುನಾವಣೆಗೆ ತಪ್ಪದೆ ಬರುತ್ತಾನೆ. ಹೆಂಗಸರಿಗೂ ಒಂದಿಷ್ಟು ಅಧಿಕಾರ ಕೊಡಬಾರದೇ ಎಂದು ಯಾರಾದರೂ ಕೇಳಿದರೆ ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: “ಅವ್ರಿಲ್ದೆ ಏನೂ ನಡಿಯಕಿಲ್ಲ ಅಂತ ನಾವೇ ಒಪ್ಕಂಡಿಲ್ವಾ? ಅದ್ರ ಮ್ಯಾಲ ಅಧಿಕಾರ ಯಾಕ್ ಬೇಕು?”

ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ನೀರಿನಲ್ಲೇ ಏನೋ ದೋಷ ಇದೆ ಅನ್ನೋಣವೆಂದರೆ ಚರಿತ್ರೆ ಅಡ್ಡ ಬರುತ್ತದೆ. ಈ ತಾಲ್ಲೂಕು ಕೆ.ಎಸ್. ನಾಗರತ್ನಮ್ಮನವರನ್ನು ಏಳು ಸಲ ವಿಧಾನಸಭೆಗೆ ಕಳಿಸಿತು. 1972ರಲ್ಲಿ ಅವರು ರಾಜ್ಯದ ಮೊದಲ ಮಹಿಳಾ ಸ್ಪೀಕರ್ ಆಗಿ ಪೀಠವೇರಿದರು, 1978ರವರೆಗೆ ಅಲ್ಲಿದ್ದರು. ದೇವರಾಜ ಅರಸರಂಥ ಅರಸರೂ ಆ ಪೀಠದ ಕಡೆಗೆ ತಿರುಗಿಯೇ ಮಾತಾಡಬೇಕು, ಅವರು ಕೂರಿ ಅಂದರೆ ಕೂರಬೇಕು. 2017ರ ಉಪಚುನಾವಣೆಯಲ್ಲಿ ಇದೇ ಕ್ಷೇತ್ರ ಎಂ.ಸಿ. ಮೋಹನಕುಮಾರಿಯವರನ್ನು ಗೆಲ್ಲಿಸಿತು, ಅವರು ಮಂತ್ರಿಯೂ ಆದರು. ಕ್ರೈಸ್ತ ಗಂಡಸರೂ ಆ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡವರೇ. ವಿಧಾನಸೌಧದ ಪೀಠಕ್ಕೆ ಹೆಂಗಸು ಆಗುತ್ತಾಳೆ. ನಮ್ಮೂರ ಪ್ರಸಂಗಪೀಠದ ನಾಲ್ಕು ಮೆಟ್ಟಿಲು ಮಾತ್ರ ಅವಳು ಪೊರಕೆ ಹಿಡಿದಿದ್ದರೆ ಹತ್ತಬಹುದು.

ಇದಕ್ಕೆ ಕಾರಣ ಹುಡುಕುವವರು ಜಿಲ್ಲಾ ಕೇಂದ್ರದ ಇನ್ನೊಂದು ನಂಬಿಕೆಯನ್ನೂ ಗಮನಿಸಬೇಕು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂದು ಹೆದರಿ ಎಷ್ಟೋ ದೊರೆಗಳು ಈ ಕಡೆ ತಲೆ ಹಾಕಿ ಮಲಗಲಿಲ್ಲ. ಸಿದ್ದರಾಮಯ್ಯನವರು ಮೇಲಿಂದ ಮೇಲೆ ಬಂದು ಹೋಗಿ, 2013ರಿಂದ 2018ರವರೆಗೆ ಐದು ವರ್ಷ ಪೂರೈಸಿ ತೋರಿಸಿದರು. ಇಂಥ ಮೂಢನಂಬಿಕೆಯನ್ನು ನಮ್ಮ ಪ್ರಸಂಗಗಳಲ್ಲಿ ಬಲವಾಗಿ ಖಂಡಿಸಲಾಗುತ್ತದೆ. ಖಂಡಿಸುವವರಿಗೆ ಇರುವ ಭಯ ಒಂದೇ: ಹೆಂಗಸು ಪೀಠಕ್ಕೆ ಕಾಲಿಟ್ಟರೆ ತಮ್ಮ ಕುರ್ಚಿ ಹೋಗುತ್ತದೆ. ಇಷ್ಟಕ್ಕೂ ಅದು ಮೂಢನಂಬಿಕೆಯಲ್ಲ, ನಿಜವಾಗಿಯೂ ಹೋಗುತ್ತದೆ.

1976ನೇ ಇಸವಿ ಈ ವಿಷಯದಲ್ಲಿ ತಮಾಷೆಯ ಇಸವಿ. ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಸಿಎಸ್‌ಐ, ಹೆಂಗಸರಿಗೆ ಸಭಾಪಾಲಕ ದೀಕ್ಷೆ ಕೊಡಲು ಶುರು ಮಾಡಿದ ವರ್ಷ ಅದು. ವ್ಯಾಟಿಕನ್ ಅದೇ ವರ್ಷ ಒಂದು ಘೋಷಣೆ ಬರೆದು, ಹೆಂಗಸಿಗೆ ಗುರುದೀಕ್ಷೆ ಸಾಧ್ಯವಿಲ್ಲ ಎಂದು ಬಾಗಿಲು ಹಾಕಿತು. 1994ರಲ್ಲಿ ಎರಡನೇ ಜಾನ್ ಪೌಲರು ಅದೇ ಬಾಗಿಲಿಗೆ ಚಿಲಕವನ್ನೂ ಹಾಕಿ, ಇನ್ನು ಈ ಮಾತು ಎತ್ತಬೇಡಿ ಅಂದರು. 1976ರ ವಾದದಲ್ಲಿ ನನಗೆ ಬಹಳ ಹಿಡಿಸಿದ್ದು ಹೋಲಿಕೆಯ ಮಾತು. ಬಲಿಪೂಜೆಯಲ್ಲಿ ಗುರು ಕ್ರಿಸ್ತನ ಸ್ಥಾನದಲ್ಲಿ ನಿಲ್ಲುತ್ತಾನೆ, ಕ್ರಿಸ್ತ ಗಂಡಸು, ಆದ್ದರಿಂದ ನಿಂತವನಲ್ಲೂ ಆ ಸಹಜ ಹೋಲಿಕೆ ಇರಬೇಕಂತೆ.

ಬಹಳ ಸರಿ. ಕೊಳ್ಳೇಗಾಲ ಕಡೆಯ ಅರವತ್ತು ದಾಟಿದ ಒಬ್ಬ ಸ್ವಾಮಿಯವರನ್ನು ಕಲ್ಪಿಸಿಕೊಳ್ಳಿ. ಹೊಟ್ಟೆ ಮುಂದೆ, ಕನ್ನಡಕ ಮೇಲೆ, ಸಕ್ಕರೆ ಕಾಯಿಲೆ ಒಳಗೆ. ಅರಮಾಯಿಕ್ ಬಾರದು. ಬಡಗಿ ಕೆಲಸ ಬಾರದು, ಮೊಳೆ ಹೊಡೆಯಲು ಉಪದೇಶಿಯನ್ನು ಕರೆಯುತ್ತಾರೆ. ಯೆಹೂದ್ಯರಲ್ಲ, ಸುನ್ನತಿಯಾಗಿಲ್ಲ, ಮೂವತ್ಮೂರು ವಯಸ್ಸಂತೂ ಯಾವಾಗಲೋ ಕಳೆಯಿತು. ಬುಲೆಟ್ ಗಾಡಿಯಲ್ಲಿ ಬಂದಿಳಿದರೆ ಅರ್ಧ ಊರಿಗೆ ಕೇಳಿಸುತ್ತದೆ. ಇಷ್ಟಿದ್ದರೂ ಹೋಲಿಕೆಗೆ ಎಳ್ಳಷ್ಟೂ ಭಂಗವಿಲ್ಲ. ಅದೇ ಹಳ್ಳಿಯ ಹೆಂಗಸೊಬ್ಬಳು ಬರಿಗಾಲಲ್ಲಿ ನಡೆದು, ಹಸಿದವರಿಗೆ ಇಕ್ಕಿ, ರೋಗಿಯ ಮೈ ಒರೆಸಿ, ತನ್ನನ್ನು ಬೈದವರನ್ನೂ ಸಹಿಸಿಕೊಂಡು ಬಂದರೆ ಅವಳಲ್ಲಿ ಹೋಲಿಕೆ ಕಾಣುವುದಿಲ್ಲ. ನಮ್ಮ ಮನೆಗಳ ಕ್ಯಾಲೆಂಡರಿನಲ್ಲಿರುವ ನೀಲಿ ಕಣ್ಣು, ಹೊಂಬಣ್ಣದ ಕೂದಲಿನ ಚಿತ್ರಕ್ಕೆ ಈ ಜಿಲ್ಲೆಯಲ್ಲಿ ಯಾರೂ ಹೋಲುವುದಿಲ್ಲ. ನಜರೇತಿನ ಯೇಸುವೇ ಬಂದು ಪಕ್ಕದಲ್ಲಿ ನಿಂತರೂ ಅವನೂ ಹೋಲಲಾರ.

ಸಿಎಸ್‌ಐನವರು ಇಲ್ಲಿ ಮೀಸೆ ತಿರುವುವುದು ಬೇಡ. ಬಾಗಿಲು ತೆಗೆದದ್ದೇನೋ 1976ರಲ್ಲಿ. ಮೊದಲ ಮಹಿಳಾ ಬಿಷಪ್, ನಂದ್ಯಾಲದ ಪುಷ್ಪಲಲಿತಾ ಅವರು ಅಭಿಷಿಕ್ತರಾದದ್ದು 2013ರ ಸೆಪ್ಟೆಂಬರಿನಲ್ಲಿ. ಒಂದು ಅಂಗಳ ದಾಟಲು ಮೂವತ್ತೇಳು ವರ್ಷ. ನಮ್ಮ ಕಡೆಯ ಯಾವುದಾದರೂ ಸಭೆಗೆ ಈ ಸಲ ಅಮ್ಮನವರೊಬ್ಬರು ಸಭಾಪಾಲಕರಾಗಿ ಬರುತ್ತಾರಂತೆ ಎಂದು ಸುದ್ದಿ ಹಬ್ಬಿಸಿ ನೋಡಿ. ದೇವಶಾಸ್ತ್ರ ಯಾರೂ ಎತ್ತುವುದಿಲ್ಲ. ಅವರ ಗಂಡ ಏನು ಕೆಲಸ, ಎಲ್ಲಿರುತ್ತಾನೆ, ಬಂಗಲೆಯಲ್ಲಿ ಯಾರ ಹೆಸರಿನ ಬೋರ್ಡು, ಸಾವಾದರೆ ರಾತ್ರಿ ಹನ್ನೊಂದಕ್ಕೆ ಹಳ್ಳಿಗೆ ಯಾರು ಕರೆದೊಯ್ಯುವುದು, ಇವೇ ಪ್ರಶ್ನೆಗಳು.

ನಿಜವಾದ ತಕರಾರು ಬೇರೆ ಇದೆ, ಅದನ್ನು ಖಜಾಂಚಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಗಂಡು ಪಾಸ್ಟರ್ ಬಂದರೆ ಒಂದು ಸಂಬಳಕ್ಕೆ ಇಬ್ಬರು ಸಿಗುತ್ತಾರೆ. ಪಾಸ್ಟರಮ್ಮ ಭಾನುವಾರ ಶಾಲೆ ನಡೆಸುತ್ತಾರೆ, ಹಾಡಿನ ತಂಡ ಕಟ್ಟುತ್ತಾರೆ, ಹೆತ್ತವರ ಮನೆಗೆ ಹೋಗುತ್ತಾರೆ, ಸತ್ತವರ ಮನೆಯಲ್ಲಿ ಅಳುತ್ತಾರೆ, ಬಂದ ನೆಂಟರಿಗೆಲ್ಲ ಕಾಫಿ ಕಾಸುತ್ತಾರೆ. ಅವರಿಗೆ ಸಂಬಳವಿಲ್ಲ, ದೀಕ್ಷೆಯಿಲ್ಲ, ಅಯ್ಯನವರು ತೀರಿಕೊಂಡರೆ ಬಂಗಲೆಯೂ ಇಲ್ಲ. ಹೆಣ್ಣು ಪಾಸ್ಟರ್ ಬಂದರೆ ಅವರ ಗಂಡ ಇದರಲ್ಲಿ ಒಂದು ಕೆಲಸವನ್ನಾದರೂ ಮಾಡುತ್ತಾನೆಯೇ? ಒಂದು ಸಂಬಳಕ್ಕೆ ಒಬ್ಬರೇ. ಇಂಥ ನಷ್ಟದ ವ್ಯಾಪಾರಕ್ಕೆ ಯಾವ ಕಮಿಟಿ ಕೈಹಾಕೀತು?

ಕಥೋಲಿಕರ ಕಡೆ ಸುಧಾರಣೆ ಬರುವುದು ತೊಟ್ಟಿಕ್ಕುವ ನಲ್ಲಿಯ ಹಾಗೆ. 1994ರಲ್ಲಿ ಹುಡುಗಿಯರೂ ಪೀಠದ ಸೇವೆ ಮಾಡಬಹುದು ಅಂದರು. ಮೇಣದ ಬತ್ತಿ ಹಿಡಿಯುವುದಕ್ಕೆ ಗಂಡಸಾಗಿರಬೇಕಿಲ್ಲ ಎಂಬುದು ಹತ್ತೊಂಬತ್ತೂವರೆ ಶತಮಾನದ ಸಂಶೋಧನೆ. 2021ರಲ್ಲಿ ಪೋಪ್ ಫ್ರಾನ್ಸಿಸರು ವಾಚಕಿಯ ಸೇವೆಯನ್ನು ವಿಧಿವತ್ತಾಗಿ ಹೆಂಗಸರಿಗೆ ಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಓದು ಬರುವ ಗಂಡಸು ಸಿಗದೆ ಹೈಸ್ಕೂಲು ಹುಡುಗಿಯರು ಎಷ್ಟೋ ವರ್ಷದಿಂದ ಓದುತ್ತಿದ್ದರು. ಪ್ರಾಚೀನ ಸಭೆಯಲ್ಲಿದ್ದ ಸೇವಕಿಯರಿಗೆ ನಿಜವಾಗಿ ದೀಕ್ಷೆ ಇತ್ತೋ ಇಲ್ಲವೋ ನೋಡಲು 2016ರಲ್ಲಿ ಒಂದು ಆಯೋಗ, 2020ರಲ್ಲಿ ಇನ್ನೊಂದು ಆಯೋಗ. 2024ರ ಅಕ್ಟೋಬರಿನಲ್ಲಿ ರೋಮಿನ ಸಿನೊಡ್ ತನ್ನ ಕೊನೆಯ ದಸ್ತಾವೇಜಿನಲ್ಲಿ, ಹೆಂಗಸರಿಗೆ ಸೇವಕ ದೀಕ್ಷೆ ಕೊಡುವ ಪ್ರಶ್ನೆ ಇನ್ನೂ ತೆರೆದೇ ಇದೆ ಅಂದಿತು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಹೆಸರಿಟ್ಟು ಹೊಗಳಿದ್ದಾನೆ. ಆ ಪತ್ರವನ್ನು ರೋಮಿಗೆ ಹೊತ್ತು ಹೋದವಳೂ ಅವಳೇ ಎನ್ನುವುದು ಪಂಡಿತರ ಸಾಮಾನ್ಯ ಅಭಿಪ್ರಾಯ. ಅವಳು ಮುಟ್ಟಿಸಿದ ಕಾಗದವನ್ನು ಓದಿಕೊಂಡೇ ಅವಳು ಯಾರು ಎಂದು ಆಯೋಗದವರು ವಿಚಾರಣೆ ಮಾಡಿದರು.

ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯ ಕಥೆ ಇನ್ನೂ ಸೊಗಸು. ಮೊದಲು ಹನ್ನೆರಡು ಜನ ಗಂಡಸರೇ ಬೇಕಿತ್ತು. ಆ ಪಟ್ಟಿಗೆ ಸೇರಲು ವಿಧಾನಸಭೆಯ ಟಿಕೆಟ್ಟಿಗೆ ನಡೆಯುವಷ್ಟೇ ಪೈಪೋಟಿ. ಆಯ್ಕೆಯಾದವನ ಪಾದವನ್ನು ಮಧ್ಯಾಹ್ನವೇ ಮನೆಯಲ್ಲಿ ಹೆಂಡತಿ ಬಿಸಿನೀರು, ಸೋಪು, ಉಜ್ಜುಗಲ್ಲು ಹಿಡಿದು ತಿಕ್ಕಿ ಕಳಿಸುತ್ತಾಳೆ. ಸಂಜೆ ಪೀಠದ ಮುಂದೆ ನಡೆಯುವುದು ಎರಡನೆಯ ತೊಳೆತ. ಯೇಸು ಶಿಷ್ಯರ ಪಾದ ತೊಳೆದದ್ದು ಯೋವಾನ್ನನ ಹದಿಮೂರನೇ ಅಧ್ಯಾಯದಲ್ಲಿ. ಹನ್ನೆರಡನೇ ಅಧ್ಯಾಯದಲ್ಲಿ ಬೆಥಾನಿಯದ ಮರಿಯ ಯೇಸುವಿನ ಪಾದಕ್ಕೆ ತೈಲ ಹಚ್ಚಿ ತನ್ನ ಕೂದಲಿನಿಂದ ಒರೆಸಿದ್ದಾಳೆ. ವಾರದೊಳಗೆ ಗುರುವೂ ಟವೆಲು ಕಟ್ಟಿಕೊಂಡು ಬಗ್ಗುತ್ತಾನೆ. ಯಾರಿಂದ ಕಲಿತ ಎಂದು ತಿಳಿಯಲು ಒಂದು ಪುಟ ಹಿಂದಕ್ಕೆ ಹೋದರೆ ಸಾಕು, ಆಯೋಗ ಬೇಕಿಲ್ಲ.

2016ರ ಜನವರಿಯಲ್ಲಿ ಫ್ರಾನ್ಸಿಸರು ನಿಯಮ ತಿದ್ದಿ, ಹೆಂಗಸರ ಪಾದವನ್ನೂ ತೊಳೆಯಬಹುದು ಅಂದರು. ಆದರೆ ಅದು ಲತೀನ್ ವಿಧಿಗೆ ಮಾತ್ರ. 2017ರಲ್ಲಿ ಕೇರಳದ ಸೀರೋ-ಮಲಬಾರ್ ಸಭೆ, ನಮ್ಮ ಪೌರಸ್ತ್ಯ ಪರಂಪರೆಯಲ್ಲಿ ಗಂಡಸರದ್ದೇ ಎಂದು ಸ್ಪಷ್ಟಪಡಿಸಿತು. ಇದರ ಭೂಗೋಳ ನಮ್ಮ ತಾಲ್ಲೂಕಿನವರಿಗೆ ಬೇಗ ಅರ್ಥವಾಗುತ್ತದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ರಸ್ತೆ ಹಿಡಿದರೆ ಮದ್ದೂರು ಚೆಕ್‌ಪೋಸ್ಟ್ ಬರುತ್ತದೆ. ವಡೆಯ ಮದ್ದೂರಲ್ಲ, ಆನೆಯ ಮದ್ದೂರು. 2009ರಿಂದ ಅಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬಿದ್ದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಕಾಡಿನ ಈಚೆ ಮೈಸೂರು ಧರ್ಮಕ್ಷೇತ್ರದಲ್ಲಿ ಹೆಂಗಸಿನ ಪಾದ ತೊಳೆಯಲು ಯೋಗ್ಯ. ಕಾಡಿನ ಆಚೆ ವಯನಾಡಿನ ಕಥೋಲಿಕರಲ್ಲಿ ಬಹುಪಾಲು ಸೀರೋ-ಮಲಬಾರಿನವರು, ಅಲ್ಲಿ ಅದೇ ಪಾದ ಅಯೋಗ್ಯ. ಪೋಪ್ ಒಬ್ಬರೇ, ಪಾದವೂ ಅದೇ. ಬಂಡೀಪುರದ ಹುಲಿಗಳಿಗೆ ಮಾತ್ರ ಎರಡೂ ಕಡೆ ಒಂದೇ ನಿಯಮ.

ಇನ್ನು ಸಿಸ್ಟರುಗಳು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ಹೆಸರು ಕೊಳ್ಳೇಗಾಲ, ಹನೂರು ಕಡೆ ಕೇಳದವರಿಲ್ಲ. ಕನ್ಯಾಸ್ತ್ರೀಯರು ನಡೆಸುವ ಇಂಥ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಲೆಕ್ಕಪತ್ರ, ಕಟ್ಟಡ, ಸಿಬ್ಬಂದಿ, ಸರ್ಕಾರದ ಇನ್ಸ್‌ಪೆಕ್ಷನ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಬೆಳಗಿನ ಪೂಜೆಗೆ ಮಾತ್ರ ಒಬ್ಬ ಗಂಡಸು ಬರಬೇಕು. ಮೊನ್ನೆ ಮೊನ್ನೆ ದೀಕ್ಷೆಯಾದ ಹುಡುಗ ಸ್ವಾಮಿಯ ಬೈಕು ಪಂಕ್ಚರಾದರೆ ನಲವತ್ತು ವರ್ಷ ಸೇವೆ ಮಾಡಿದ ಸಿಸ್ಟರುಗಳಿಗೆ ಆವತ್ತು ಪೂಜೆ ಇಲ್ಲ.

ಆದರೆ ಧರ್ಮಸಭೆಯ ಕಾನೂನಿನಲ್ಲೇ ಒಂದು ಕಿಂಡಿ ಇದೆ. ಪ್ರಾಣಾಪಾಯವಿದ್ದಾಗ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ನಡುರಾತ್ರಿ ಎರಡಕ್ಕೆ ಹೆರಿಗೆ ವಾರ್ಡಿನಲ್ಲಿ ಮಗು ನೀಲಿಗಟ್ಟಿದರೆ ನರ್ಸ್ ಸಿಸ್ಟರು ಹಣೆಗೆ ನೀರು ಹಾಕಿ ನಾಲ್ಕು ಮಾತು ಹೇಳಿದರೆ ಮುಗಿಯಿತು. ಅದು ರೋಮಿನ ಬೆಸಿಲಿಕಾದಲ್ಲಿ ಪೋಪರು ಕೊಟ್ಟಷ್ಟೇ ಸಿಂಧು, ಮತ್ತೆ ಕೊಡುವಂತಿಲ್ಲ. ಮಗು ಬದುಕಿ, ಭಾನುವಾರ ಹತ್ತು ಗಂಟೆಗೆ ಹೊಸ ಬಟ್ಟೆ, ಫೋಟೋಗ್ರಾಫರ್, ಬಿರಿಯಾನಿ ಸಮೇತ ಬಂದರೆ ಮಾತ್ರ ಅದೇ ಕೈ ಸಾಲದು. ದೇವರಿಗೆ ಹೆಂಗಸಿನ ಕೈ ಆಗಿಬರುತ್ತದೆ, ಫೋಟೋದಲ್ಲಿ ಬೀಳಬಾರದು ಅಷ್ಟೆ.

ಇಷ್ಟೆಲ್ಲ ಹೇಳಿದಾಗ ಹಿರಿಯರು ಸಂತ ಪೌಲನನ್ನು ಕರೆತರುತ್ತಾರೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯದಲ್ಲಿ ಹೆಂಗಸು ಉಪದೇಶ ಮಾಡಬಾರದೆಂದಿದೆ, ಅದು ಎಲ್ಲರಿಗೂ ಬಾಯಿಪಾಠ. ಮೂರನೇ ಅಧ್ಯಾಯದಲ್ಲಿ ಸಭೆಯ ಮೇಲ್ವಿಚಾರಕ ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ಹಣದಾಸೆಯವನಾಗಿರಬಾರದು ಎಂದಿದೆ. ಕ್ಲಾಸು ತಪ್ಪಿಸಿದ ಹುಡುಗರಿಗೆ ಆಗುವಂತೆ ಆ ಪಾಠ ಯಾರ ತಲೆಗೂ ಹತ್ತಿಲ್ಲ. ಐದನೇ ಅಧ್ಯಾಯದಲ್ಲಿ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎನ್ನುವ ಸಲಹೆ ಇದೆ, ಅದು ಮತ್ತೆ ಬಾಯಿಪಾಠ. ಕೊರಿಂಥದವರಿಗೆ ಬರೆಯುವಾಗ ಪೌಲ ಹನ್ನೊಂದನೇ ಅಧ್ಯಾಯದಲ್ಲಿ ಹೆಂಗಸು ಪ್ರಾರ್ಥನೆ ಮಾಡುವಾಗ, ಪ್ರವಾದನೆ ನುಡಿಯುವಾಗ ತಲೆ ಮುಚ್ಚಿಕೊಳ್ಳಲಿ ಅನ್ನುತ್ತಾನೆ. ಹದಿನಾಲ್ಕರಲ್ಲಿ ಸುಮ್ಮನಿರಲಿ ಅನ್ನುತ್ತಾನೆ. ಎರಡಕ್ಕೂ ಹೊಂದಿಕೆ ಹೇಗೆ ಎಂದು ಲೋಕದ ಪಂಡಿತರು ತಲೆ ಕೆರೆದುಕೊಳ್ಳುತ್ತಿದ್ದರೆ ನಮ್ಮವರು ಸಲೀಸಾಗಿ ಬಗೆಹರಿಸಿದ್ದಾರೆ: ಸೆರಗು ಹೊದೆಯಬೇಕು, ಆಮೇಲೆ ಬಾಯಿಗೂ ಅದನ್ನೇ ಹಿಡಿಯಬೇಕು.

ಮದುವೆಯಲ್ಲೂ ಇದೇ ಕತ್ತರಿ. ಎಫೆಸದವರ ಪತ್ರದ ಐದನೇ ಅಧ್ಯಾಯದಲ್ಲಿ ಇಪ್ಪತ್ತೊಂದನೇ ವಚನ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅನ್ನುತ್ತದೆ. ಹೆಂಡತಿ ಗಂಡನಿಗೆ ತಗ್ಗಬೇಕೆನ್ನುವುದು ಇಪ್ಪತ್ತೆರಡನೆಯದು. ನಾನು ಕೇಳಿದ ಮದುವೆ ಪ್ರಸಂಗಗಳೆಲ್ಲ ಇಪ್ಪತ್ತೆರಡರಿಂದಲೇ ಶುರು. ಇದು ಕ್ರೈಸ್ತರ ರಕ್ತದಲ್ಲಿ ಬಂದದ್ದೇನಲ್ಲ. ಈ ಸೀಮೆಯಲ್ಲಿ ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮ ಇದ್ದಾಳೆ. ಕಾಡಿಗೆ ಹೊರಟ ಗಂಡ ಪಾತಿವ್ರತ್ಯದ ಭಾಷೆ ಕೊಡು ಎಂದು ಬಲಗೈ ಚಾಚಿದ. ಅವಳು ಕೊಡಲಿಲ್ಲ. ಹಿಂಸೆ ಕೊಟ್ಟ, ಕಟ್ಟಿಹಾಕಿ ಹೋದ, ಆಗಲೂ ಕೊಡಲಿಲ್ಲ. ಮಾದಪ್ಪ ಬಂದು ನಿಂತದ್ದು ಭಾಷೆ ಕೇಳಿದವನ ಪಕ್ಕದಲ್ಲಲ್ಲ. ನಮ್ಮ ಅಜ್ಜಿಯರು ಇದನ್ನೆಲ್ಲ ರಾತ್ರಿಯಿಡೀ ಕೇಳಿ ಬೆಳೆದವರು. ಮಿಷನ್‌ನವರು ಬಂದು ಹಳೆಯದನ್ನೆಲ್ಲ ಬಿಡಿ ಅಂದಾಗ ಸಂಕಮ್ಮನನ್ನು ಬಿಟ್ಟರು, ಅವಳ ಗಂಡನನ್ನು ಜೊತೆಗೇ ಕರೆತಂದರು.

ಬ್ರಿಟಿಷರು ಅದಕ್ಕೆ ಕಾನೂನಿನ ಮುದ್ರೆಯನ್ನೂ ಒತ್ತಿದರು. 1869ರ ವಿಚ್ಛೇದನ ಕಾಯಿದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದಿದ್ದರೆ ಸಾಕು. ಹೆಂಡತಿಗೆ ಗಂಡನ ಬರೀ ವ್ಯಭಿಚಾರ ಸಾಲದು, ಜೊತೆಗೆ ಹೊಡೆದಿರಬೇಕು, ಎರಡು ವರ್ಷ ಬಿಟ್ಟು ಹೋಗಿರಬೇಕು, ಇಲ್ಲವೇ ಅಂಥ ಇನ್ನೇನಾದರೂ ಮಾಡಿರಬೇಕು. ಈ ಒಂದಕ್ಕೊಂದು ಸೇರಿಸಿ ಕೊಡುವ ಯೋಜನೆ 2001ರ ತಿದ್ದುಪಡಿವರೆಗೆ, 132 ವರ್ಷ, ಚಾಲ್ತಿಯಲ್ಲಿತ್ತು.

ಸರ್ಕಾರದ ಹೊಸ ಕಾನೂನೂ ಹೆಂಗಸರ ಬಗ್ಗೆ ಅದೇ ಗೌರವ ತೋರಿಸಿತು. 2022ರ ಕರ್ನಾಟಕದ ಮತಾಂತರ ವಿರೋಧಿ ಕಾಯಿದೆಯ ಪ್ರಕಾರ ಅಕ್ರಮವಾಗಿ ಮತಾಂತರ ಮಾಡಿಸಿದರೆ ಮೂರರಿಂದ ಐದು ವರ್ಷ ಜೈಲು. ಮತಾಂತರವಾದವರು ಅಪ್ರಾಪ್ತರು, ಬುದ್ಧಿಭ್ರಮಣೆಯವರು, ಹೆಂಗಸರು, ಪರಿಶಿಷ್ಟರಾಗಿದ್ದರೆ ಹತ್ತು ವರ್ಷದವರೆಗೆ. ವಿಧಾನಸಭೆಯ ಪೀಠದಲ್ಲಿ ಕೂತು ಎಲ್ಲರನ್ನೂ ಆಳಿದ ನಾಗರತ್ನಮ್ಮನವರ ರಾಜ್ಯದಲ್ಲಿ ಹೆಂಗಸಿನ ಹೆಸರು ಬುದ್ಧಿ ಸ್ಥಿಮಿತವಿಲ್ಲದವರ ಪಕ್ಕದಲ್ಲಿ ಬಂತು. ದಲಿತರದ್ದೂ ಬಂತು. ಕ್ರೈಸ್ತ ಮುಖಂಡರಿಗೆ ಸಿಟ್ಟು ಬಂದದ್ದು ನ್ಯಾಯವೇ. ನಮ್ಮ ಹೆಣ್ಣುಮಕ್ಕಳಿಗೆ ಸ್ವಂತ ಬುದ್ಧಿಯಿಂದ ತೀರ್ಮಾನ ತೆಗೆದುಕೊಳ್ಳಲು ಬರುವುದಿಲ್ಲವೇ ಎಂದು ಗುಡುಗಿದರು. ಗುಡುಗಿ, ನೀರು ಕುಡಿದು, ಸಂಜೆ ಕಮಿಟಿ ಸಭೆಗೆ ಹೋಗಿ ಕೂತರು. ಅಲ್ಲಿ ಹೆಣ್ಣುಮಕ್ಕಳು ಯಾರೂ ಇರಲಿಲ್ಲ. 2023ರ ಜೂನಿನಲ್ಲಿ ಸಂಪುಟ ಈ ಕಾಯಿದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಕಮಿಟಿಯ ಬೈಲಾ ರದ್ದು ಮಾಡಲು ಯಾವ ಸಂಪುಟ ಬರಬೇಕೋ.

ದೇವಶಾಸ್ತ್ರಕ್ಕೇನೂ ಬರವಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರಿಂದ ಇದೆ. ಅರವಿಂದ ನಿರ್ಮಲ್ ಅವರು 1981ರಲ್ಲಿ ದಲಿತ ದೇವಶಾಸ್ತ್ರಕ್ಕೆ ನಾಂದಿ ಹಾಡಿದ್ದು ಅಲ್ಲೇ. ಮೊದಲು ಅದರಲ್ಲೂ ದಲಿತ ಅಂದರೆ ದಲಿತ ಗಂಡಸೇ ಆಗಿದ್ದ, ಹೆಂಗಸರು ಆಮೇಲೆ ಬಂದು ನಮ್ಮದೆಲ್ಲಿ ಎಂದು ಕೇಳಬೇಕಾಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2008ರಲ್ಲಿ ಜಮ್ಶೆಡ್‌ಪುರದಲ್ಲಿ ಸೇರಿ ಮಹಿಳಾ ಸಬಲೀಕರಣ ಚರ್ಚಿಸಿ, 2010ರಲ್ಲಿ ಲಿಂಗ ನೀತಿಯೊಂದನ್ನೇ ಹೊರಡಿಸಿದರು. ಸಬಲೀಕರಣಕ್ಕೆ ಮತ ಹಾಕಿದವರೆಲ್ಲ ಗಂಡಸರು, ಧರ್ಮಾಧ್ಯಕ್ಷರ ಸಭೆಯಲ್ಲಿ ಇನ್ನಾರು ಇರುತ್ತಾರೆ? ನೀತಿ ಚೆನ್ನಾಗಿದೆ, ಯಾವುದೋ ಬೀರುವಿನಲ್ಲಿ ಕೆಡದಂತೆ ಇದೆ. ಬೆಂಗಳೂರಿಂದ ನಮ್ಮ ಜಿಲ್ಲಾ ಕೇಂದ್ರಕ್ಕೆ ಸುಮಾರು ನೂರೆಂಬತ್ತು ಕಿಲೋಮೀಟರು. ರೈಲು ಹಳಿ ಚಾಮರಾಜನಗರಕ್ಕೆ ಬಂದು ನಿಂತುಬಿಡುತ್ತದೆ, ಗುಂಡ್ಲುಪೇಟೆಗೆ ಹೋಗುವುದಿಲ್ಲ. ವಿಚಾರಗಳು ಮೈಸೂರಲ್ಲೇ ಇಳಿದುಬಿಡುತ್ತವೆ.

ರೋಮಿನ ಸಿನೊಡ್ ಸ್ಥಾಪನೆಯಾದದ್ದು 1965ರಲ್ಲಿ. ಅಲ್ಲಿ ಹೆಂಗಸರು ಮೊದಲ ಸಲ ಮತ ಹಾಕಿದ್ದು 2023ರ ಅಕ್ಟೋಬರಿನಲ್ಲಿ, ಸುಮಾರು 365 ಮತಗಳಲ್ಲಿ 54. ನಮ್ಮ ಕಡೆಯ ಅಕ್ಷರ ಬಾರದ ಅಜ್ಜಿಯರು 1952ರಲ್ಲೇ ನೆಹರೂ ಕಾಲದ ಪೆಟ್ಟಿಗೆಗೆ ಮತ ಹಾಕಿ ಬಂದಿದ್ದರು.

ಬಿಷಪ್ಪರುಗಳ ಭಯ ಇನ್ನೂ ಹಳೆಯದು. ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಕಲ್ಕತ್ತದ ಪಂಡಿತರು ಅವರ ಸಂಸ್ಕೃತ ಕೇಳಿ ಸರಸ್ವತಿ ಎಂದು ಬಿರುದು ಕೊಟ್ಟಿದ್ದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಚೆಲ್ಟನ್‌ಹ್ಯಾಮಿನಲ್ಲಿ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ ಬೊಂಬಾಯಿಯ ಬಿಷಪ್ಪರು, ಲಾಹೋರಿನ ಬಿಷಪ್ಪರು ಸಾವಿರಾರು ಮೈಲಿ ದೂರದಿಂದ ತಕರಾರು ತೆಗೆದರು: ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಅವರ ಹೆಸರು ಕೆಡುತ್ತದಂತೆ. ಸ್ವದೇಶದ ಬ್ರಾಹ್ಮಣ ಪಂಡಿತರ ಸಭೆಗಳಲ್ಲಿ ವಾದ ಮಾಡಿ ಬಂದ ಹೆಂಗಸಿಗೆ ಈ ಬುದ್ಧಿವಾದ. ಮುಂದೆ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಆ ಇಬ್ಬರು ಬಿಷಪ್ಪರ ಹೆಸರು ಇವತ್ತು ಅವರ ಜೀವನಚರಿತ್ರೆಯ ಅಡಿಟಿಪ್ಪಣಿಯಲ್ಲಿ ಸಿಗುತ್ತದೆ.

ಹೆಂಗಸರ ಪಾಡೇ ಇಷ್ಟಾದರೆ ಮಂಗಳಮುಖಿಯರ ಮಾತು ಎತ್ತುವುದೇ ಬೇಡ ಅನ್ನುತ್ತಾರೆ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಇಥಿಯೋಪಿಯದ ಷಂಡನೊಬ್ಬ ರಥದಲ್ಲಿ ಕೂತು, ಇಗೋ ನೀರಿದೆ, ನನಗೆ ದೀಕ್ಷಾಸ್ನಾನಕ್ಕೆ ಏನಡ್ಡಿ ಎಂದು ಕೇಳುತ್ತಾನೆ. ಫಿಲಿಪ್ಪ ಅಲ್ಲೇ ದಾರಿಬದಿಯಲ್ಲಿ ಇಳಿಸಿ ಕೊಟ್ಟ. ನಮ್ಮ ಸಭೆಯ ಅರ್ಜಿ ನಮೂನೆಯಲ್ಲಿ ಎರಡೇ ಚೌಕವಿದೆ. ಆವತ್ತು ಫಿಲಿಪ್ಪನ ಕೈಯಲ್ಲಿ ನಮೂನೆ ಇರಲಿಲ್ಲ ಎಂಬುದೇ ಆಫ್ರಿಕದ ಭಾಗ್ಯ.

ಕೊನೆಗೊಂದು ಸಭೆಯ ಕಥೆ. ಊರ ಹೆಸರು ಬೇಡ, ಹೇಳಿದರೆ ಹತ್ತು ಊರಿನವರು ತಮ್ಮದೇ ಅಂದುಕೊಂಡು ಜಗಳಕ್ಕೆ ಬರುತ್ತಾರೆ. ಅಲ್ಲಿ ಚರ್ಚಿನ ಸೂರು ಸೋರುತ್ತಿತ್ತು. ಕಮಿಟಿ ಚುನಾವಣೆಯ ಕೇಸು ಕೋರ್ಟಿನಲ್ಲಿದ್ದುದರಿಂದ ಸಭೆಯ ದುಡ್ಡೆಲ್ಲ ವಕೀಲರ ಸೂರಿಗೆ ಹೋಗಿತ್ತು. ಕಮಿಟಿಯಲ್ಲಿ ಹೆಸರಿಗೆ ಒಬ್ಬ ಮಹಿಳಾ ಸದಸ್ಯೆ ಇದ್ದಳು, ಸಭೆಗೆ ಬರುತ್ತಿದ್ದವನು ಅವಳ ಗಂಡ. ಪಂಚಾಯ್ತಿಯಲ್ಲಿ ಅಧ್ಯಕ್ಷೆಯ ಗಂಡ ಕೂರುವುದನ್ನು ನೋಡಿ ಕಲಿತದ್ದು. ಸ್ತ್ರೀ ಸಂಘದವರ ಹತ್ತಿರ ಮಾತ್ರ ದುಡ್ಡಿತ್ತು. ಹಿಡಿ ಅಕ್ಕಿ, ಹಪ್ಪಳ, ಉಪ್ಪಿನಕಾಯಿ, ವಾರದ ಉಳಿತಾಯ. ಸ್ತ್ರೀಶಕ್ತಿ ಗುಂಪುಗಳಲ್ಲಿ ಪಳಗಿದ ಕೈಗಳು, ನಡವಳಿ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ವರ್ಷಕ್ಕೊಬ್ಬರು ಹೊಸ ಅಧ್ಯಕ್ಷೆ, ಎಲ್ಲ ಕ್ರಮವಾಗಿತ್ತು. ಮಾರ್ಥಳಂತೆ ಅಡುಗೆ ಮನೆಯಲ್ಲಿ ಬೇಯಲು ಬಿಟ್ಟರೆ ಹೆಂಗಸರು ಬ್ಯಾಂಕು ಕಟ್ಟಿಕೊಂಡು ಕೂತಿದ್ದರು.

ಕಾರ್ಯದರ್ಶಿಗಳು ಮೂರು ಜನರನ್ನು ಕಟ್ಟಿಕೊಂಡು ಹೋಗಿ ಕೇಳಿದರು. ಅಧ್ಯಕ್ಷೆ ಬಲು ಮರ್ಯಾದೆಯಿಂದ ಕೂರಿಸಿ ಕಾಫಿ ಕೊಟ್ಟಳು.

“ಕಾಸು ಅದ ಕನಪ್ಪಾ. ಆದ್ರ ಬೈಲಾದಲ್ಲಿ ಸದಸ್ಯರ್ಗ ಮಾತ್ರ ಸಾಲ ಅಂತ ಅದ. ನೀವು ಗಂಡುಸ್ರು.”

“ದೇವ್ರ ಮನ ಕೆಲ್ಸಕವ್ವಾ, ನಮ್ನೂ ಸದಸ್ಯರ ಮಾಡ್ಕಬುಡಿ, ಆಯ್ತಲ್ಲ?”

“ಅದೂ ಮಾತಾಡ್ಕಂಡೊ. ಮೊದ್ಲು ಸಂಘ ಹುಟ್ದಾಗ ಅದ್ರಲ್ಲಿ ಗಂಡುಸ್ರು ಇದ್ರಾ, ಇದ್ರೆ ನಿಜವಾದ ಸದಸ್ಯರಾಗಿದ್ರಾ, ಇಲ್ಲ ಬರೀ ಚಾಪ ಹಾಸಕ್ಕ ಬತ್ತಿದ್ರಾ, ನೋಡ್ಬೇಕು. ಅದ್ಕ ಒಂದು ಸಮಿತಿ ಮಾಡೀವಿ. ಪ್ರಶ್ನ ಇನ್ನೂ ತೆರ್ದೇ ಅದ.”

ವರದಿ ಬರುವವರೆಗೆ ಗಂಡಸರ ಕಡೆಯ ಬೆಂಚಿನ ಮೇಲೆ ಸೋರುವ ಜಾಗಕ್ಕೆ ಬಕೀಟು ಇಡುವುದೆಂದು ಕಮಿಟಿ ಸರ್ವಾನುಮತದಿಂದ ತೀರ್ಮಾನಿಸಿತು. ಬಕೀಟು ಸ್ತ್ರೀ ಸಂಘದ್ದು, ದಿನಕ್ಕೆ ಐದು ರೂಪಾಯಿ ಬಾಡಿಗೆ.